ಗಡ್ಡೆಯ ಖುದ್ದು ಹಾಜರಿ

ಜೀವಂತವಾಗಿರುವುದೆಲ್ಲವೂ ವರ್ಷಕ್ಕೊಮ್ಮೆ ಖುದ್ದಾಗಿ ಹಾಜರಾಗಿ ಅದನ್ನು ರುಜುವಾತುಪಡಿಸತಕ್ಕದ್ದು ಎಂಬುದು ನಮ್ಮ ಕ್ಯಾನ್ಸರ್ ಸಂಸ್ಥೆಯ ನಿಯಮ. ಪಿಂಚಣಿದಾರರು ಇದನ್ನು ಚಾಚೂತಪ್ಪದೆ ಪಾಲಿಸುತ್ತಾರೆ. ಗಡ್ಡೆಗಳು ಮಾತ್ರ ಉಡಾಫೆ ಮಾಡುತ್ತಿದ್ದವು.

ನಮ್ಮಲ್ಲಿ ಚಿಕಿತ್ಸೆಗೆ ಬರುತ್ತಿದ್ದ ಟೈಲರಕ್ಕನ ಹೊಟ್ಟೆಯಿಂದ ಹಿಂದೆ ತೆಗೆದ ಗಡ್ಡೆಯ ಚೂರನ್ನು ಲ್ಯಾಬಿನ ಡಾಕ್ಟರಮ್ಮ ಜೀವ ಹೋಗದಂತೆ ಹದವಾಗಿ ತಣಿಸಿ, ದ್ರವ ಸಾರಜನಕದ ಟ್ಯಾಂಕಿನಲ್ಲಿ ಇಟ್ಟಿದ್ದರು. ಈಗ ಅಕ್ಕನ ಕಾಯಿಲೆ ಮರುಕಳಿಸಿತ್ತು. ಆ ಚೂರನ್ನು ಲ್ಯಾಬಿನಲ್ಲಿ ಬೆಳೆಸಿ, ನಾಲ್ಕು ಔಷಧಿ ಹಾಕಿ ನೋಡಿ, ಅದನ್ನು ಕೊಲ್ಲುವ ಔಷಧಿಯನ್ನೇ ಅಕ್ಕನಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಇದ್ದದ್ದು ಅದೊಂದೇ ಚೂರು.

ಅಷ್ಟರಲ್ಲಿ ಆಡಳಿತಾಧಿಕಾರಿಗಳ ಪ್ರಕಟಣೆ ಹೊರಬಿತ್ತು: "ಜೀವಂತವೆಂದು ಹೇಳಿಕೊಂಡು ಅನುದಾನ ಪಡೆಯುತ್ತಿರುವ ಸಮಸ್ತ ಗಡ್ಡೆಗಳು ಸೋಮವಾರ ಕಚೇರಿ ವೇಳೆಯಲ್ಲಿ ಹಾಜರಾಗತಕ್ಕದ್ದು. ಹೆಪ್ಪುಗಟ್ಟಿ ಬಂದವರನ್ನು ಪರಿಗಣಿಸಲಾಗುವುದಿಲ್ಲ."

"ಸರ್, ಕರಗಿಸಿ ಹಾಗೇ ಹೊರಗಿಟ್ರೆ ಅದು ಸತ್ತೋಗುತ್ತೆ," ಎಂದರು ಡಾಕ್ಟರಮ್ಮ.

"ಸಾಯ್ಲಿ ಬಿಡಿ, ಸಹಿ ಆದ್ಮೇಲೆ ತಾನೇ?" ಎಂದು ಅಧಿಕಾರಿಗಳು ಧೈರ್ಯ ತುಂಬಿದರು.

ಸೋಮವಾರ ಚೂರು ಟೋಕನ್ ಪಡೆದು ಬೆಂಚಿನ ಮೇಲೆ ಕಾಯಿತು. ಅಧಿಕಾರಿಗಳು ಊಟ ಮುಗಿಸಿ ಬಂದು ಬಗ್ಗಿ ನೋಡಿದರು.

"ಅಲ್ಲಾಡ್ತಾನೇ ಇಲ್ವಲ್ಲ?"

"ಅದು ಅಲ್ಲಾಡಲ್ಲ ಸರ್."

"ಪರವಾಗಿಲ್ಲ, ನಮ್ಮ ಸಿಬ್ಬಂದಿನೂ ಅಲ್ಲಾಡಲ್ಲ." ಸೀಲು ಬಿತ್ತು.

ಚೂರು ಸತ್ತಿದೆಯೆಂದು ಡಾಕ್ಟರಮ್ಮ ಮರುದಿನವೇ ವರದಿ ಮಾಡಿದರು. ಮುಂದಿನ ವರ್ಷದವರೆಗೆ ಅದು ಸಾಯುವುದು ನಿಯಮಬಾಹಿರ ಎಂದು ಉತ್ತರ ಬಂತು. ಡಾಕ್ಟರಮ್ಮನಿಗೂ ಮನೆ ಮಕ್ಕಳಿದ್ದರು, ಕೆಲಸ ಬಿಡುವಂತಿರಲಿಲ್ಲ. ಪರೀಕ್ಷೆ ನಡೆಯಿತು.

ಫಲಿತಾಂಶ ಅಮೋಘವಾಗಿತ್ತು. ನಾಲ್ಕೂ ಔಷಧಿಗಳ ತಟ್ಟೆಗಳಲ್ಲಿ ಒಂದು ಜೀವಕೋಶವೂ ಉಳಿದಿರಲಿಲ್ಲ. ಹೋಲಿಕೆಗೆಂದು ಬರೀ ಉಪ್ಪುನೀರು ಹಾಕಿದ್ದ ತಟ್ಟೆಯಲ್ಲೂ ಉಳಿದಿರಲಿಲ್ಲ. ಗುಣ ಸಮವಿದ್ದಲ್ಲಿ ಅಗ್ಗದ್ದನ್ನೇ ಖರೀದಿಸತಕ್ಕದ್ದು ಎಂಬ ನಿಯಮದಂತೆ ಸಮಿತಿ ಒಮ್ಮತದಿಂದ ಉಪ್ಪುನೀರನ್ನು ಆಯ್ಕೆ ಮಾಡಿತು.

ಡ್ರಿಪ್ ಹಾಕುವಾಗ ಅಕ್ಕ ಕೇಳಿದಳು, "ಡಾಕ್ಟ್ರಮ್ಮ, ನನಗೆ ಇದೇ ಸರಿಹೋಗುತ್ತೆ ಅಂತೀರಾ?"

ಡಾಕ್ಟರಮ್ಮ ಡ್ರಿಪ್ಪಿನ ನಳಿಕೆ ಸರಿಪಡಿಸಿದರು. "ನಿಮ್ಮ ಗಡ್ಡೆ ಮೇಲೇ ಹಾಕಿ ನೋಡಿದೀವಿ ಅಕ್ಕ," ಎಂದರು.

ತಿಂಗಳು ಕಳೆಯುವಷ್ಟರಲ್ಲಿ ಅಕ್ಕ ಸೊರಗಿ ಕಡ್ಡಿಯಾದಳು. ಔಷಧಿ ಹಿಡಿಯುವಾಗ ಹಾಗಾಗುವುದು ಸಹಜ ಎಂದು ಪ್ರಕಟಣೆ ಹೊರಬಿತ್ತು. ಪಕ್ಕದ ಹಾಸಿಗೆಗಳವರು ತಮಗೂ ಅದನ್ನೇ ಕೊಡಿರೆಂದು ಅರ್ಜಿ ಹಾಕಿದರು. ಅಕ್ಕನ ತಮ್ಮ ಅಧಿಕಾರಿಗಳ ಕೈ ಹಿಡಿದು ಕೃತಜ್ಞತೆಯ ಕಣ್ಣೀರು ಹಾಕಿ ಬಂದ.

"ನೋಡೋ," ಎಂದು ಅಕ್ಕ ಅವನಿಗೆ ಜಡೆ ತೋರಿಸಿದಳು, "ಎಲ್ರಿಗೂ ಉದುರುತ್ತಂತೆ. ನನಗೆ ಒಂದು ಕೂದ್ಲೂ ಹೋಗಿಲ್ಲ."