ಪಾರ್ವತಮ್ಮನ ಸೀಟು ಪರೀಕ್ಷೆ

"ಅಮ್ಮ ಕೂತು ನೋಡದ ಸೀಟನ್ನ ನಾನು ಬಸ್ಸಿಗೆ ಹತ್ತಿಸಲ್ಲ ಸಾರ್. ಇಪ್ಪತ್ತು ವರ್ಷದ ಅಭ್ಯಾಸ," ಎಂದ ಡ್ರೈವರ್ ನಾರಾಯಣಸ್ವಾಮಿ.

"ಅಮ್ಮ ಹೋಗಿ ಇವತ್ತಿಗೆ ಒಂದು ವರ್ಷ ಕಣಪ್ಪ," ಎಂದು ರಾಮಚಂದ್ರ ಗೋಡೆಯ ಮೇಲಿದ್ದ ಫೋಟೋ ತೋರಿಸಿದ. "ಈಗ ಎಲ್ಲಿಂದ ಕರೆಸಲಿ?"

"ಅದು ಗೊತ್ತಿಲ್ಲವಾ ಸಾರ್? ಆ ಮಲ್ಲಿಗೆ ಹಾರ ತಂದವನೇ ನಾನು. ಆದರೂ ಪರೀಕ್ಷೆ ಪರೀಕ್ಷೆಯೇ ಕಾದಾ, ಅಲ್ಲವಾ? ಮನೆಯವರು ಯಾರಾದರೂ ಕೂತು ನೋಡಲಿ."

"ನಾನೇ ಕೂತೆನಲ್ಲ!"

"ಕೂತಿರಿ," ಎಂದು ನಾರಾಯಣಸ್ವಾಮಿ ಒಪ್ಪಿಕೊಂಡ, ರೇಷನ್ ಅಕ್ಕಿಯಲ್ಲಿ ಕಲ್ಲಿದೆ ಎಂದು ಒಪ್ಪಿಕೊಳ್ಳುವ ದನಿಯಲ್ಲಿ.

ವಿಜಯವಾಡದ ಆಟೋನಗರ್‌ನಲ್ಲಿ ಲಾರಿ, ಬಸ್ಸುಗಳಿಗೆ ಸೀಟು ಮಾಡಿಕೊಡುವ ಅಂಗಡಿ ರಾಮಚಂದ್ರನದು. ಪಾವಗಡದ ಕಡೆಯಿಂದ ಬಂದ ಅವನ ಅಪ್ಪ ಹೆಂಡತಿಯ ಹೆಸರಲ್ಲಿ 'ಪಾರ್ವತಿ ಸೀಟ್ ವರ್ಕ್ಸ್' ಎಂದು ಬೋರ್ಡು ಹಾಕಿಸಿ, ಕೆಲಸವನ್ನೂ ಬಹುಪಾಲು ಆಕೆಗೇ ವಹಿಸಿಕೊಟ್ಟಿದ್ದ. ಅಮ್ಮ ರೆಕ್ಸಿನ್ ಕತ್ತರಿಸುತ್ತಿದ್ದಳು, ಫೋಮ್ ತುಂಬುತ್ತಿದ್ದಳು, ಮೊಳೆ ಹೊಡೆಯುತ್ತಿದ್ದಳು, ಮಧ್ಯೆ ಓಡಿಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದಳು. ಯಾವ ಡ್ರೈವರಿಗೆ ಯಾವ ಕಡೆ ಸೊಂಟ ಹಿಡಿಯುತ್ತದೆ, ಯಾರ ಮಗಳು ಯಾವ ಕ್ಲಾಸು, ಎಲ್ಲ ಅವಳ ಬಾಯಲ್ಲೇ. ತೆಲುಗಿನವರಿಗೆಲ್ಲ ಗದರಿಸಿ ಗದರಿಸಿ ಕನ್ನಡ ಕಲಿಸಿದ್ದಳು. ಸೀಟು ಮುಗಿದ ಮೇಲೆ ಒಂದೊಂದರ ಮೇಲೂ ಐದು ನಿಮಿಷ ತಾನೇ ಕೂತು ನೋಡಿ, "ಹೂಂ, ತಗೊಂಡು ಹೋಗಿ," ಎನ್ನುತ್ತಿದ್ದಳು. ಅದೇ ಪರೀಕ್ಷೆ. ಊರಿಗೆಲ್ಲ ಪ್ರಸಿದ್ಧ.

ಅಮ್ಮ ಹೋದ ಮೇಲೆ ರಾಮಚಂದ್ರನ ಗ್ರಹಚಾರ ಶುರುವಾಯಿತು. ಹೊಲಿಗೆ ಅವನದೇ, ಮಿಷನ್ನೂ ಅವನದೇ, ಆದರೂ ಬಂದವರೆಲ್ಲ "ಪರೀಕ್ಷೆ ಆಯ್ತಾ ಸಾರ್?" ಎನ್ನುವವರೇ. ತನ್ನ ಅಂಗಡಿಯಲ್ಲಿ ತನ್ನ ಮಾತು ನಡೆಯಬೇಕು, ಈ ಪರೀಕ್ಷೆಯ ಕಾಟ ಇವತ್ತಿಗೇ ಮುಗಿಯಬೇಕು ಎಂದು ಅವನು ಬೆಳಿಗ್ಗೆ ಅಮ್ಮನ ಫೋಟೋ ಮುಂದೆಯೇ ನಿಶ್ಚಯಿಸಿದ್ದ.

ಪಂಚಾಂಗದ ತಿಥಿ ಹೋದ ವಾರವೇ ಮುಗಿದಿತ್ತು. ಇವತ್ತಿನದು ತಾರೀಕಿನ ಲೆಕ್ಕ, ಬೀದಿಯವರಿಗಾಗಿ. ಅವನ ಹೆಂಡತಿ ಮಧುರಾ ನಾಲ್ಕಕ್ಕೇ ಎದ್ದು ಎಂಬತ್ತು ಒಬ್ಬಟ್ಟು ಬೇಯಿಸಿದ್ದಳು. ಬಂದವರು ಫೋಟೋಗೆ ಹೂವು ಹಾಕಿ, ಒಬ್ಬಟ್ಟು ತೆಗೆದುಕೊಂಡು, ಮನೆಗೆ ಹೋಗದೆ ಸಲಹೆ ಕೊಡಲು ನಿಂತಿದ್ದರು. ಅಂಗಡಿ ಮುಂದೆ ಇಪ್ಪತ್ತನಾಲ್ಕು ಹೊಸ ಸೀಟುಗಳು ಮದುವೆ ಮಂಟಪದ ಕುರ್ಚಿಗಳ ಹಾಗೆ ಸಾಲಾಗಿದ್ದವು. ಅವು ಸಂಜೆಯೊಳಗೆ ಬಸ್ಸು ಹತ್ತಬೇಕು. ಆ ಬಸ್ಸು ನಾಳೆ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಋಷಿಕೊಂಡ ಬಡಾವಣೆಯ ಆಫೀಸಿನವರನ್ನು ಕೂರಿಸಿಕೊಂಡು ಹೊರಡಬೇಕು.

"ಅಮ್ಮಾವರು ಒಂದ್ಸಲ ಕೂತರೆ ಆಗಲ್ಲವಾ ಸಾರ್?" ಎಂದು ನಾರಾಯಣಸ್ವಾಮಿ ಮಧುರಾಳ ಕಡೆ ಕೈ ತೋರಿಸಿದ.

"ನನಗೆಲ್ಲಿ ಪುರುಸೊತ್ತು ಅಣ್ಣಾ?" ಎಂದಳು ಮಧುರಾ ಒಬ್ಬಟ್ಟಿನ ತಟ್ಟೆ ಹಿಡಿದು ಓಡುತ್ತ.

"ಅವಳು ಕೂತರೂ ಪ್ರಯೋಜನ ಇಲ್ಲ," ಎಂದು ರಾಮಚಂದ್ರ ಶಾಸ್ತ್ರ ತೆಗೆದ. "ಅಮ್ಮ ಎಪ್ಪತ್ತೊಂದು ಕೆ.ಜಿ. ಇವಳು ನಲವತ್ತೆಂಟು. ಸೀಟಿಗೆ ಗೊತ್ತೇ ಆಗಲ್ಲ. ಪರೀಕ್ಷೆ ಅಂದರೆ ತೂಕದ ವಿಷಯ."

ಅಮ್ಮನ ತೂಕ ಬೀದಿಗೆಲ್ಲ ಗೊತ್ತಿತ್ತು. ಪಕ್ಕದ ಗುಜರಿ ಅಂಗಡಿ ತೇಜನ ತಕ್ಕಡಿ ಸರಿಯಾಗಿದೆಯೇ ಎಂದು ನೋಡಲು ಆಕೆ ತಿಂಗಳಿಗೊಮ್ಮೆ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದಳು.

ನಾರಾಯಣಸ್ವಾಮಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರಾಮಚಂದ್ರನ ತಲೆಯಲ್ಲಿ ಬಲ್ಬು ಹತ್ತಿಕೊಂಡಿತ್ತು. ತೇಜನ ಅಂಗಡಿಗೆ ನುಗ್ಗಿ ಹಳೇ ಬ್ರೇಕ್ ಡ್ರಮ್ಮುಗಳನ್ನು ತೂಗಿಸಿ, ಸರಿಯಾಗಿ ಎಪ್ಪತ್ತೊಂದು ಕೆ.ಜಿ. ಕಬ್ಬಿಣ ಹೊತ್ತು ತಂದು ಮೊದಲನೇ ಸೀಟಿನ ಮೇಲೆ ಇಟ್ಟ. ಅವು ಹೊಸ ಮದುಮಗನ ಹಾಗೆ ಒಂದು ಕ್ಷಣ ಗಂಭೀರವಾಗಿ ಕೂತವು. ಆಮೇಲೆ ಮೇಲಿನದು ಜಾರಿತು. ಚರ್ರ್! ರೆಕ್ಸಿನ್ನು ಒಂದು ಗೇಣು ಹರಿಯಿತು.

"ನಿಮ್ಮಮ್ಮ ಕೂತಾಗ ಹೀಗೆ ಯಾವತ್ತೂ ಆಗಿರಲಿಲ್ಲ," ಎಂದ ತೇಜ, ಬಾಯಲ್ಲಿ ಒಬ್ಬಟ್ಟು ಇಟ್ಟುಕೊಂಡೇ.

ಮಧುರಾ ತಟ್ಟೆ ಕೆಳಗಿಟ್ಟು, ಕಟಿಂಗ್ ಮೇಜಿಗೆ ಹೋಗಿ ಹೊಸ ತುಂಡು ಕತ್ತರಿಸಿಕೊಟ್ಟಳು. ರಾಮಚಂದ್ರ ಸ್ಟೂಲಿನ ಮೇಲೆ ಕೂತು ಹೊಲಿದ. ಅಷ್ಟು ಹೊತ್ತಿಗೆ ಎರಡು ಗಂಟೆ.

ಆಗ ಆಟೋದಿಂದ ಇಳಿದವರು ಲಕ್ಷ್ಮೀಕಾಂತಮ್ಮ. ಅಮ್ಮನ ತಂಗಿ, ವಿಶಾಖಪಟ್ಟಣದ ಹತ್ತಿರ ಭೀಮುನಿಪಟ್ಟಣದಲ್ಲಿ ಮಗನ ಮನೆಯಲ್ಲಿರುವವರು. ಅಕ್ಕನ ನೆನಪಿಗೆಂದು ಬೆಳಗಿನ ಟ್ರೇನ್ ಹಿಡಿದು ಬಂದಿದ್ದರು. ರಾಮಚಂದ್ರ ಚಿಕ್ಕಮ್ಮನನ್ನು ಮೇಲಿಂದ ಕೆಳಗೆ ನೋಡಿದ. ಅದೇ ಎತ್ತರ, ಅದೇ ಸುತ್ತಳತೆ. ಅವರ ಚೀಲವನ್ನೂ ಇಳಿಸಿಕೊಳ್ಳದೆ ಕೈ ಹಿಡಿದು ನೇರ ಗುಜರಿ ತಕ್ಕಡಿ ಮೇಲೆ ನಿಲ್ಲಿಸಿದ.

"ಏನೋ ಇದು ರಾಮು? ನೀರು ಬೇಕಾ ಅಂತಿಲ್ಲ, ಕಾಫಿ ಬೇಕಾ ಅಂತಿಲ್ಲ! ನಾನೇನು ಹಳೇ ಕಬ್ಬಿಣವೇನೋ?"

"ಎಪ್ಪತ್ಮೂರು," ಎಂದು ತೇಜ ಸಾರಿದ.

"ಚೀಲ ಇಳಿಸಿ ಚಿಕ್ಕಮ್ಮಾ!"

"ಎಪ್ಪತ್ತೊಂದು!"

ರಾಮಚಂದ್ರ ಕುಣಿದೇಬಿಟ್ಟ. ಚಿಕ್ಕಮ್ಮನನ್ನು ಮೆರವಣಿಗೆಯಲ್ಲಿ ಕರೆತಂದು ಮೊದಲನೇ ಸೀಟಿನ ಮೇಲೆ ಕೂರಿಸಿದರು. ಆಕೆ "ಅಬ್ಬಾ," ಎಂದು ಬೆನ್ನು ಆನಿಸಿದರು. ಎಲ್ಲರೂ ಉಸಿರು ಬಿಗಿಹಿಡಿದು ತೀರ್ಪಿಗೆ ಕಾದರು. ಬಂದದ್ದು ಗೊರಕೆ.

"ಎಬ್ಬಿಸಲಾ?" ಎಂದ ರಾಮಚಂದ್ರ.

"ತಪ್ಪು ಸಾರ್. ದೊಡ್ಡವರು ಮಲಗಲಿ," ಎಂದು ನಾರಾಯಣಸ್ವಾಮಿ ಬೀಡಿ ಹಚ್ಚಲು ಬೀದಿಯಾಚೆ ಹೋದ.

ಮೂರು ಗಂಟೆ ಆಯಿತು. ಮೂರೂವರೆ ಆಯಿತು. ವಿಶಾಖಪಟ್ಟಣದಿಂದ ಬಸ್ಸಿನ ಮಾಲೀಕ ಎರಡು ಸಲ ಫೋನ್ ಮಾಡಿದ. ಎರಡನೇ ಸಲ ಫೋನಿನ ಗಂಟೆಗೆ ಚಿಕ್ಕಮ್ಮ ಕಣ್ಣು ಬಿಟ್ಟರು.

"ಸೀಟು ಹೇಗಿದೆ ಚಿಕ್ಕಮ್ಮಾ? ಬೇಗ ಹೇಳಿ! ಅಮ್ಮನ ಪರೀಕ್ಷೆ ಇದು."

"ಯಾವ ಪರೀಕ್ಷೆ?"

ಅವನು ವಿವರಿಸಿದ. ಚಿಕ್ಕಮ್ಮ ಹೊಟ್ಟೆ ಕುಲುಕಿಸಿಕೊಂಡು ನಗತೊಡಗಿದರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಯ್ಯೋ ಪೆದ್ದೇ! ಪರೀಕ್ಷೆಯೂ ಇಲ್ಲ ಗಿರೀಕ್ಷೆಯೂ ಇಲ್ಲ. ಅಂಗಡೀಲಿ ಕೂತಿರೋದು ಕಂಡರೆ ಕೆಲಸ ಇಲ್ಲ ಅಂದ್ಕೊಂಡು ಗಿರಾಕಿ ಹೊರಟುಹೋಗ್ತಾರೆ ಅಂತ ನಿಮ್ಮಪ್ಪ ಅವಳನ್ನ ಕೂರೋಕೇ ಬಿಡ್ತಿರಲಿಲ್ಲ. ಬೆಳಿಗ್ಗೆ ಐದರಿಂದ ನಿಂತು ನಿಂತು ಅಕ್ಕನ ಕಾಲು ಊದಿಕೊಳ್ತಿತ್ತು. 'ಸೀಟು ಕೂತು ನೋಡಬೇಕು ರೀ, ಗಿರಾಕಿಗೆ ನಂಬಿಕೆ ಬರತ್ತೆ' ಅಂತ ಒಂದು ದಿನ ಕಥೆ ಕಟ್ಟಿದಳು. ನಿಮ್ಮಪ್ಪ ನಂಬಿದ್ದೂ ಅಲ್ಲದೆ ಊರೆಲ್ಲ ಜಂಬ ಕೊಚ್ಚಿದ! ಅವಳು ಫೋನ್ ಮಾಡಿದಾಗಲೆಲ್ಲ ಇಬ್ಬರೂ ಎಷ್ಟು ನಕ್ಕಿದ್ದೇವೆ ಗೊತ್ತಾ?"

ರಾಮಚಂದ್ರನಿಗೆ ಒಂದು ಗಳಿಗೆ ಅಮ್ಮನ ಊದಿದ ಕಾಲು ಕಣ್ಣ ಮುಂದೆ ಬಂತು. ಮರುಗಳಿಗೆಗೆ, ಪಾಪದ ಮನುಷ್ಯ, ತಾನು ಗೆದ್ದೆ ಎನ್ನಿಸಿಬಿಟ್ಟಿತು. ಪರೀಕ್ಷೆಯೇ ಇಲ್ಲ ಎಂದಮೇಲೆ ಫೇಲು ಮಾಡುವವರು ಯಾರು? ಬೀದಿಗೆ ನೆಗೆದು, ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ.

"ಕೇಳ್ರಪ್ಪಾ! ನಾರಾಯಣಸ್ವಾಮಿ, ಬಾರಯ್ಯಾ ಇಲ್ಲಿ! ಪರೀಕ್ಷೆ ಅನ್ನೋದು ಇರಲೇ ಇಲ್ಲ! ಸುಸ್ತಾದಾಗ ಕೂರೋಕೆ ಅಮ್ಮ ಹೂಡಿದ ಉಪಾಯ ಅದು!"

ಯಾರೂ ಬೆಚ್ಚಿಬೀಳಲಿಲ್ಲ. ತೇಜ ಇನ್ನೊಂದು ಒಬ್ಬಟ್ಟು ಮಡಿಸಿದ.

"ಈಗ ತಿಳೀತಾ ಸಾರ್?" ಎಂದ ನಾರಾಯಣಸ್ವಾಮಿ ಮೆಲ್ಲಗೆ.

"ಅಂದರೆ... ನಿಮಗೆ ಗೊತ್ತಿತ್ತಾ?"

"ಆಟೋನಗರ್‌ಗೆಲ್ಲ ಗೊತ್ತು. ಮೊದಲನೇ ಸಲ, ಆಗ ನಾನು ಓಡಿಸ್ತಿದ್ದ ಲಾರಿಯ ಸೀಟಿನ ಮೇಲೆ ಕೂತು ಅಮ್ಮ ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿಬಿಟ್ಟರು. ಕಣ್ಣು ಮುಚ್ಚಿಕೊಂಡು ಸೀಟು ನೋಡೋರು ಉಂಟಾ? ಆವತ್ತೇ ಡ್ರೈವರುಗಳಿಗೆಲ್ಲ ಹೇಳಿಬಿಟ್ಟೆ. ಹೋದಾಗೆಲ್ಲ ಪರೀಕ್ಷೆ ಕೇಳ್ರೋ, ಬಿಡಬೇಡ್ರೋ. ಎಷ್ಟೋ ಸಲ ಸೀಟು ಬೇಕಿಲ್ಲದಿದ್ದರೂ ಬಂದು ಕೇಳ್ತಿದ್ದೆವು."

"ಮತ್ತೆ ಅಮ್ಮ ಹೋದ ಮೇಲೂ ಯಾಕ್ರಪ್ಪಾ? ಒಂದು ವರ್ಷದಿಂದ ನನ್ನ ಪ್ರಾಣ ಹಿಂಡ್ತಾ ಇದ್ದೀರಲ್ಲ!"

ನಾರಾಯಣಸ್ವಾಮಿ ಅಂಗಡಿಯೊಳಗೆ ನೋಡಿದ. ಉಳಿದವರೂ ಅಲ್ಲಿಗೇ ನೋಡಿದರು. ಕಟಿಂಗ್ ಮೇಜಿನ ಮುಂದೆ ಮಧುರಾ ನಾಳೆಯ ಲಾರಿಗೆ ರೆಕ್ಸಿನ್ ಕತ್ತರಿಸುತ್ತಿದ್ದಳು, ಮೈಯ ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ.

"ನಾವು ಪರೀಕ್ಷೆ ಕೇಳಿದಾಗಲೆಲ್ಲ ನೀವೇ ಓಡಿಬಂದು ಕೂತುಬಿಡ್ತೀರಿ," ಎಂದ ತೇಜ ನೊಂದ ದನಿಯಲ್ಲಿ. "ನಾವು ಇನ್ನೇನು ಮಾಡೋಣ?"

ಮಧುರಾ ಅಂಗಡಿಯಲ್ಲಿ ಕೂತದ್ದನ್ನು ತಾನು ಯಾವಾಗ ನೋಡಿದ್ದೆ ಎಂದು ರಾಮಚಂದ್ರ ಯೋಚಿಸಿದ. ದಸರಾ ಪೂಜೆಯ ದಿನ? ಇಲ್ಲ, ಆವತ್ತು ಮಂಗಳಾರತಿ ಹಿಡಿದು ನಿಂತಿದ್ದಳು. ಒಳಗೆ ಹೋಗಿ ಅವಳ ಕೈಯಿಂದ ಕತ್ತರಿ ತೆಗೆದುಕೊಂಡ.

"ಹೋಗೇ ಮಧುರಾ. ಸೀಟು ಕೂತು ನೋಡಬೇಕಂತೆ."

"ನಾನಾ? ಇಲ್ಲಿ ಕೆಲಸ?"

"ನಾನು ನೋಡ್ಕೋತೀನಿ."

ಮಧುರಾ ಬೀದಿಯವರನ್ನೆಲ್ಲ ಒಮ್ಮೆ ನೋಡಿದಳು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡು ಹಣೆಯ ಬೆವರು ಒರೆಸಿದಳು, ಮುಂದಿನ ಸಾಲಿನ ಸೀಟಿನಲ್ಲಿ ಕೂತು ಕಾಲು ನೀಡಿದಳು. ಚಿಕ್ಕಮ್ಮ ಪಕ್ಕಕ್ಕೆ ಬಂದು ಕೂತರು. ಯಾರೋ ಇಬ್ಬರಿಗೂ ಒಬ್ಬಟ್ಟು ತಂದುಕೊಟ್ಟರು. ಐದು ನಿಮಿಷ ಹತ್ತಾಯಿತು.

"ಹೇಗಿದೆ?" ಎಂದು ರಾಮಚಂದ್ರ ಮೇಜಿನ ಹಿಂದಿಂದಲೇ ಕೂಗಿದ.

"ಒಂದರಲ್ಲೇ ಹೇಗ್ರೀ ಹೇಳೋದು?" ಎಂದಳು ಮಧುರಾ, ಕಣ್ಣು ಮುಚ್ಚಿಕೊಂಡೇ. "ಇನ್ನೂ ಇಪ್ಪತ್ಮೂರು ಬಾಕಿ ಇದೆ."

"ನಾಲ್ಕೂವರೆ ಆಯ್ತು ಕಣೇ! ಬಸ್ಸು ವೈಜಾಗ್‌ಗೆ ಹೋಗಬೇಕು!"

"ಡ್ರೈವರು ನಾನಾ, ನೀವಾ?" ಎಂದ ನಾರಾಯಣಸ್ವಾಮಿ ಸೀಟುಗಳ ನೆರಳಲ್ಲಿ ಚಕ್ಕಂಬಕ್ಕಳ ಹಾಕುತ್ತ. "ರಾತ್ರಿಯೆಲ್ಲ ನನ್ನದೇ. ನಿಧಾನವಾಗಿ ನೋಡಲಿ ಅಮ್ಮಾವರು. ನೀವು ಕೆಲಸ ನೋಡ್ಕೊಳ್ಳಿ ಸಾರ್."

ರಾಮಚಂದ್ರ ಹಲ್ಲು ಕಚ್ಚಿ, ಗೆರೆ ನೋಡಿ ಕತ್ತರಿ ಓಡಿಸಿದ. ಲಾರಿ ಸೀಟಿನ ತುಂಡನ್ನು ಎತ್ತಿ ಹಿಡಿದರೆ, ಅದರ ಜೊತೆಗೇ ಅವನದೇ ಅಂಗಿಯ ಮುಂಭಾಗದ ಒಂದು ಗೇಣು ಬಟ್ಟೆಯೂ ಅಳತೆ ತಪ್ಪದೆ ಕತ್ತರಿಸಿಕೊಂಡು ಬಂತು.