ಮೀನಿನ ಉಂಗುರಬೆರಳು

ಶ್ರೀರಾಮಪುರದ ಸ್ಟೇಷನ್ ರಸ್ತೆಯಲ್ಲಿರುವ ರುಂಪಾಳ ಬ್ಯೂಟಿ ಪಾರ್ಲರಿಗೆ ಹದಿನಾಲ್ಕು ಮೆಟ್ಟಿಲು. ಕಾಕಲಿ ಭಾದುಡಿ ಅವನ್ನು ಹತ್ತುವಾಗ ಗಿರಾಕಿಯಾಗಿದ್ದಳು, ಇಳಿಯುವಾಗ ರಣಚಂಡಿಯಾಗಿದ್ದಳು. ಕೊನೆಯ ಮೆಟ್ಟಿಲಿನಲ್ಲಿ ತಿರುಗಿ ನಿಂತು, ಮೇಲೆ ಬಾಗಿಲಲ್ಲಿದ್ದ ರುಂಪಾಳಿಗೆ ಕೇಳುವಂತೆ ಪ್ರತಿಜ್ಞೆ ಮಾಡಿದಳು.

"ಹತ್ತು ಉಗುರಿಗೆ ಎರಡು ಸಾವಿರದ ಇನ್ನೂರಾ? ಅಷ್ಟು ದುಡ್ಡಿಗೆ ಇಷ್ಟುದ್ದದ ರೋಹು ಮೀನು ಬರುತ್ತೆ, ಇನ್ನೂ ಬಾಲ ಬಡೀತಾ ಇರೋದು. ನನ್ನ ಉಗುರು ನಾನೇ ಮಾಡ್ಕೋತೀನಿ. ನಿನಗಿಂತ ಚೆನ್ನಾಗಿ ಮಾಡ್ಕೋತೀನಿ, ಇನ್ನೂರು ರೂಪಾಯಿ ಒಳಗೆ."

"ಮಾಡ್ಕೊಳ್ಳಿ ದೀದಿ," ಎಂದಳು ರುಂಪಾ ಆಕಳಿಸುತ್ತ. "ಹಂಗೆ ಮಾಡ್ಕೊಂಡೋರೆಲ್ಲ ನಾಲ್ಕನೇ ದಿನ ಇದೇ ಮೆಟ್ಟಿಲು ಹತ್ತಿ ಬರ್ತಾರೆ, ಬಿಡಿಸ್ಕೊಳ್ಳೋಕೆ. ಬಿಡಿಸೋದಕ್ಕೆ ರೇಟು ಬೇರೆ."

"ನಾನು ಕೆಮಿಸ್ಟ್ರಿ ಓದಿದೋಳು."

"ನಿಮ್ಮ ಉಗುರು ಓದಿಲ್ವಲ್ಲ."

ನಿಜ ಹೇಳಬೇಕೆಂದರೆ ಕಾಕಲಿಯ ಸಿಟ್ಟಿನಲ್ಲಿ ರುಂಪಾಳ ಪಾಲು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಗಂಡನ ಸೋದರತ್ತೆಗೆ, ಅಂದರೆ ಅಸನ್ಸೋಲಿನ ಪಿಶಿಮಾಗೆ ಸಲ್ಲಬೇಕು. ಕಾಕಲಿ ನೀರು ಪರೀಕ್ಷೆಯ ಸರ್ಕಾರಿ ಪ್ರಯೋಗಾಲಯದಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ನೀರಿನ ಉಪ್ಪಿನಂಶ ಅಳೆಯಲು ಬಳಸುವ ಸಿಲ್ವರ್ ನೈಟ್ರೇಟ್ ಕೈಗೆ ತಗುಲಿದರೆ ಮೊದಲು ಏನೂ ಕಾಣುವುದಿಲ್ಲ. ಬಿಸಿಲು ಬಿದ್ದ ಮೇಲೆ ಕಂದುಗಪ್ಪು ಕಲೆ ಏಳುತ್ತದೆ. ಸೋಪು, ಹುಣಸೆಹುಳಿ, ನಿಂಬೆಹಣ್ಣು, ದೇವರ ಹರಕೆ ಯಾವುದಕ್ಕೂ ಅದು ಜಗ್ಗುವುದಿಲ್ಲ. ಚರ್ಮ ತಾನಾಗಿ ಸವೆದು ಹೊಸದು ಬರುವತನಕ ಕಾಯಬೇಕು. ಬರುವಷ್ಟರಲ್ಲಿ ಮತ್ತೊಂದು ಬಾಟಲಿ ಖಾಲಿಯಾಗಿರುತ್ತದೆ.

ಹೋದ ತಿಂಗಳು ಮೈದುನ ಪಿಕ್ಲುವಿನ ಮದುವೆ ಮಾತು ಗಟ್ಟಿಯಾದ ದಿನ, ಚುಂಚುಡಾದ ಹೆಣ್ಣಿನ ಮನೆಯಲ್ಲಿ, ನಲವತ್ತು ಜನರ ಮುಂದೆ ಕಾಕಲಿ ಹುಡುಗಿಯ ಅಜ್ಜಿಗೆ ಸಿಹಿಯ ತಟ್ಟೆ ಹಿಡಿದಿದ್ದಳು. ಪಿಶಿಮಾ ಪಕ್ಕದಿಂದ ಹೇಳಿದ್ದರು: "ನಮ್ಮ ಬೌಮಾ, ಮನೆ ಸೊಸೆ, ಇವಳ ಕೈ ನೋಡಿ ಹೆದರ್ಕೋಬೇಡಿ. ಇದ್ದಿಲು ಮಾರಲ್ಲ, ಸರ್ಕಾರಿ ನೌಕರಿಯೇ."

ನಲವತ್ತು ಜನ ನಕ್ಕಿದ್ದರು. ಕಾಕಲಿಯೂ ನಕ್ಕಿದ್ದಳು.

ಈಗ ಅರಿಶಿನದ ದಿನ ಹತ್ತಿರ ಬಂದಿತ್ತು. ಗಂಡಿನ ಮನೆಯಿಂದ ಅರಿಶಿನ, ಸೀರೆ, ಸಿಹಿ, ಮೊಸರು ಎಂದು ಇಪ್ಪತ್ತೊಂದು ತಟ್ಟೆ ಹೆಣ್ಣಿನ ಮನೆಗೆ ಹೋಗಬೇಕು. ಎಲ್ಲಕ್ಕೂ ಮುಂದೆ, ಸೀರೆ ಉಟ್ಟು, ಮೂಗುತಿ ಇಟ್ಟು, ಮದುಮಗಳಂತೆ ಸಿಂಗರಿಸಿಕೊಂಡ ಇಡೀ ರೋಹು ಮೀನು. ಆ ಮೀನಿನ ತಟ್ಟೆ ಹಿಡಿದು ಹೊಸಲು ದಾಟಬೇಕಾದವಳು ಮದುಮಗನ ಬೌದಿ, ಅಂದರೆ ಅತ್ತಿಗೆ. ಪಿಕ್ಲುವಿಗೆ ಇದ್ದ ಬೌದಿ ಒಬ್ಬಳೇ. ಅದೇ ಮನೆ, ಅದೇ ಅಜ್ಜಿ, ಅದೇ ನಲವತ್ತು ಜನ, ಜೊತೆಗೆ ಇಬ್ಬರು ಫೋಟೋದವರು. ಎಲ್ಲರ ಕಣ್ಣೂ ತಟ್ಟೆ ಹಿಡಿದ ಹತ್ತು ಬೆರಳ ಮೇಲೆ.

ಅರಿಶಿನದ ಹಿಂದಿನ ಮಧ್ಯಾಹ್ನ ಕಾಕಲಿ ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಪ್ರಯೋಗಾಲಯ ತೆರೆದಳು. ಫುಟ್‌ಪಾತಿನಲ್ಲಿ ಕೊಂಡ ಕೆಂಪು ಪ್ಲಾಸ್ಟಿಕ್ ಉಗುರಿನ ಒಂದು ಪೊಟ್ಟಣ. ಬಿಳಿ ಬಣ್ಣಕ್ಕೆ ಆಫೀಸಿನಲ್ಲಿ ತಪ್ಪು ಅಳಿಸುವ ಬಿಳಿ ದ್ರವ. ಕುಂಚಕ್ಕೆ ಬೆಂಕಿಕಡ್ಡಿಯ ತುದಿಗೆ ಕಟ್ಟಿದ ತನ್ನದೇ ಮೂರು ಕೂದಲು. ಮಿನುಗಿಗೆ ಸರಸ್ವತಿ ಪೂಜೆಯಲ್ಲಿ ಉಳಿದ ಚಮಕಿ. ಪೊಟ್ಟಣದ ಜೊತೆ ಬಂದ ಅಂಟು ಒಣಗಿ ಕಲ್ಲಾಗಿತ್ತು. ಅದಕ್ಕೆ ಬದಲು, ಗಂಡ ಚಪ್ಪಲಿಗೆ ಹಾಕಲೆಂದು ತಂದಿದ್ದ ಗಡುಸು ಅಂಟು. ಚಿತ್ತಾರ ಮಾತ್ರ ಅಂಗಡಿಯದಲ್ಲ: ಲಕ್ಷ್ಮೀಪೂಜೆಗೆ ಅಂಗಳದಲ್ಲಿ ಅಕ್ಕಿಹಿಟ್ಟಿನಿಂದ ಬರೆಯುವ ಬಳ್ಳಿ, ಉಗುರಿನಷ್ಟಗಲಕ್ಕೆ ಇಳಿಸಿದ್ದು.

ಎಡಗೈ ಸೊಗಸಾಗಿ ಬಂತು. ಕೆಂಪಿನ ಮೇಲೆ ಬಿಳಿ ಬಳ್ಳಿ, ಎಲೆಗೊಂದು ಮಿನುಗು. ಕಾಕಲಿ ಅದನ್ನು ದೂರ ಹಿಡಿದು ನೋಡಿ, ರುಂಪಾಳನ್ನು ಮನಸ್ಸಿನಲ್ಲೇ ಮೆಟ್ಟಿಲಿಂದ ಕೆಳಕ್ಕೆ ತಳ್ಳಿದಳು.

ಆಮೇಲೆ ಬಲಗೈ. ಬಲಗೈಗೆ ಬರೆಯಬೇಕಾದದ್ದು ಎಡಗೈ ಎಂಬ ಸಂಗತಿ ಅವಳ ಪ್ರಯೋಗದ ಪಟ್ಟಿಯಲ್ಲಿ ಇರಲಿಲ್ಲ. ಗಂಡ ದೇಬೋತ್ತಮನನ್ನು ಕರೆದಳು. ಅವನು ರೈಲ್ವೆ ಸಿಗ್ನಲ್ ವಿಭಾಗದವನು. ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು, ಇಪ್ಪತ್ತು ನಿಮಿಷ ಕೂತು ಬರೆದ.

"ಏನಿದು?" ಎಂದಳು ಕಾಕಲಿ.

"ಬಳ್ಳಿ."

"ಬಳ್ಳಿಗೆ ಯಾಕೆ ಎರಡೆರಡು ಗೆರೆ? ಮಧ್ಯೆ ಅಡ್ಡಪಟ್ಟಿ ಯಾಕೆ?"

"ಬಳ್ಳಿ ಬಲಕ್ಕೆ ತಿರುಗಬೇಕಲ್ಲ. ಅಲ್ಲೊಂದು ಹಳಿ ಬದಲಿಸೋ ಪಾಯಿಂಟ್ಸ್ ಹಾಕಿದೆ."

"ನನ್ನ ಉಂಗುರಬೆರಳ ಮೇಲೆ ಬೈದ್ಯಬಾಟಿ ಸ್ಟೇಷನ್ ಬರೆದಿದೀಯ."

"ಬೈದ್ಯಬಾಟಿ ಅಲ್ಲ, ಶೇವಡಾಫುಲಿ. ಲೂಪ್ ಲೈನು ನೋಡು."

ಕಾಕಲಿ ಸಿಟ್ಟಿನಲ್ಲಿ ಕೈ ಕೊಡವಿದಳು. ಉಂಗುರಬೆರಳಿನ ಉಗುರು ಅರ್ಧ ಸೆಂಟಿಮೀಟರ್ ಜಾರಿ ಓರೆಯಾಗಿ ನಿಂತಿತು. ಅವಳೇ ಬಳ್ಳಿಯನ್ನು ಹೇಗೋ ತಿದ್ದಿದಳು. ವಿಚಿತ್ರವೆಂದರೆ, ಹತ್ತರಲ್ಲಿ ಅದೇ ಅತಿ ಚೆಂದವಾಗಿ ಬಂತು.

ಆ ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು ಸತ್ಯ ಹೊರಬಿತ್ತು. ಮೀನಿನ ಮುಳ್ಳು ತೆಗೆಯುವುದು ಕಣ್ಣಿನ ಕೆಲಸವಲ್ಲ, ಬೆರಳ ತುದಿಯ ಕೆಲಸ. ಆ ತುದಿ ಈಗ ಒಂದೂವರೆ ಸೆಂಟಿಮೀಟರ್ ಪ್ಲಾಸ್ಟಿಕ್ಕಿನ ಆಚೆ ಇತ್ತು. ಕಾಕಲಿ ಅನ್ನದಲ್ಲಿ ಮುಳ್ಳು ಹುಡುಕುತ್ತ, ಮುಳ್ಳಿನಲ್ಲಿ ಅನ್ನ ಹುಡುಕುತ್ತ ಕೂತಳು. ಅತ್ತೆ ಅವಳ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಮುಳ್ಳು ಬಿಡಿಸಿ, ತುತ್ತು ಕಟ್ಟಿ ಹಿಂದಕ್ಕೆ ಸರಿಸಿದರು.

"ಇಪ್ಪತ್ತು ವರ್ಷದ ಸಂಸಾರ, ಇನ್ನೂ ಕೈತುತ್ತು," ಎಂದರು ಮದುವೆಗೆಂದು ಬಂದು ಎದುರಿಗೆ ಕೂತಿದ್ದ ಪಿಶಿಮಾ. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತ ಕೇಳಿದ್ದೆ. ಇವಳು ಉಗುರನ್ನೇ ಕೊಡಲಿ ಮಾಡ್ಕೊಂಡಿದ್ದಾಳೆ."

ಕಾಕಲಿ ತುತ್ತನ್ನು ಅಗಿದಳು. ಅಗಿಯಬೇಕಾದ್ದಕ್ಕಿಂತ ಹೆಚ್ಚು ಅಗಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮೀನು ಬಂತು. ನಾಲ್ಕು ಕಿಲೋ ಇನ್ನೂರು ಗ್ರಾಂ. ಕಾಕಲಿ ಮೊದಲು ಸಿಹಿಯ ತಟ್ಟೆಯಲ್ಲಿ ಒಂದರ ಮೇಲೊಂದು ಮೂರು ಪದರವಾಗಿ ನೂರೆಂಟು ಬೆಲ್ಲದ ಸಂದೇಶ್ ಜೋಡಿಸಿದಳು. ಅದರ ಮೇಲೆ ಪಾರದರ್ಶಕ ಕಾಗದ ಸುತ್ತಿ ಗಂಟು ಹಾಕಿದಳು. ಬಲಗೈಯ ಉಂಗುರಬೆರಳಿನ ಉಗುರು ರಾತ್ರಿಯ ಊಟದಲ್ಲಿ ಇನ್ನಷ್ಟು ಸಡಿಲಗೊಂಡಿತ್ತು. ಅದಕ್ಕೆ ಎರಡು ಹನಿ ಅಂಟು ಬಿಟ್ಟು ಒತ್ತಿ ಹಿಡಿದಳು. ಮೂವತ್ತು ಸೆಕೆಂಡು ಹಿಡಿಯಬೇಕು. ಹನ್ನೆರಡರತನಕ ಎಣಿಸಿದ್ದಳಷ್ಟೇ.

"ಬೌಮಾ, ಮೀನಿನ ಸೆರಗು ಜಾರ್ತಾ ಇದೆ," ಅಂತ ಅತ್ತೆ ಒಳಗಿಂದ ಕೂಗಿದರು.

ಓಡಿದಳು. ಮೀನಿಗೆ ಕೆಂಪು ಬನಾರಸಿನ ತುಂಡು ಉಡಿಸುವುದೆಂದರೆ ಎಣ್ಣೆ ಹಚ್ಚಿದ ಮಗುವಿಗೆ ಅಂಗಿ ತೊಡಿಸಿದಂತೆ. ನೆರಿಗೆ ಹಿಡಿದರೆ ಮೀನು ಜಾರುತ್ತದೆ, ಮೀನು ಹಿಡಿದರೆ ನೆರಿಗೆ. ಕಾಕಲಿ ಎದೆಯ ಬಳಿಯ ರೆಕ್ಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಸೆರಗನ್ನು ತಲೆಯ ಮೇಲಿಂದ ಎಳೆದು, ರೆಕ್ಕೆಯನ್ನು ಮಡಿಕೆಯೊಳಗೆ ಸೇರಿಸಿ, ಬಾಯಿಗೊಂದು ವೀಳ್ಯ ಇಟ್ಟಳು. ಪಿಶಿಮಾ ಹೊರಗಿನಿಂದ ಕಾರು ಬಂತು ಕಾರು ಬಂತು ಎಂದು ಮೂರು ಸಲ ಕೂಗಿದರು.

ಕಾರು ಬೈದ್ಯಬಾಟಿ ದಾಟಿದ ಮೇಲೆ ಕಾಕಲಿ ತೊಡೆಯ ಮೇಲಿನ ಕೈಗಳನ್ನು ನೋಡಿಕೊಂಡಳು. ಎಣಿಸಿದಳು. ವಿಜ್ಞಾನದ ಪದ್ಧತಿಯಂತೆ ಮತ್ತೆ ಎರಡು ಸಲ ಎಣಿಸಿದಳು. ಮೂರು ಸಲವೂ ಒಂಬತ್ತು. ಬಲಗೈಯ ಉಂಗುರಬೆರಳು ಬೋಳಾಗಿ, ಕಂದುಗಪ್ಪಾಗಿ, ಅವಳನ್ನೇ ನೋಡುತ್ತಿತ್ತು.

"ಒಂದು ಉಗುರು ಇಲ್ಲ," ಎಂದಳು ಮುಂದಿನ ಸೀಟಿನಲ್ಲಿದ್ದ ಗಂಡನ ಕಿವಿಗೆ ಬಾಗಿ.

"ಒಂಬತ್ತಿದೆಯಲ್ಲ. ತೊಂಬತ್ತು ಪರ್ಸೆಂಟು. ನಿಮ್ಮ ಲ್ಯಾಬಲ್ಲಿ ಅಷ್ಟು ಬಂದ್ರೆ ನೀರು ಪಾಸಲ್ವಾ?"

"ಸಂದೇಶ್ ಜೋಡಿಸಿದ್ದು ಯಾರು?"

"ನೀನೇ."

"ಯಾವ ಕೈಯಲ್ಲಿ?"

ದೇಬೋತ್ತಮ ಆಗ ತಿರುಗಿ ನೋಡಿದ. ಅವನ ಮುಖದ ನಗು ನಿಲ್ದಾಣ ಬಂದಂತೆ ನಿಂತಿತು. ಗಾಬರಿಯಲ್ಲಿ ಬೆಳಗಿನ ಕೆಲಸಗಳ ಹಿಂದುಮುಂದು ಮರೆತಿದ್ದ ಕಾಕಲಿಗೆ, ಉಗುರು ಸಿಹಿಯೊಳಗೇ ಬಿದ್ದಿದೆ ಎಂಬುದರಲ್ಲಿ ಈಗ ಸಂದೇಹವೇ ಉಳಿಯಲಿಲ್ಲ. ಕಾಗದದ ಮೇಲಿನಿಂದಲೇ ಸಿಹಿಯ ತಟ್ಟೆಯನ್ನು ಪರೀಕ್ಷಿಸಿದಳು. ನೂರೆಂಟರಲ್ಲಿ ಮೇಲಿನ ಪದರದ ಮೂವತ್ತಾರು ಮಾತ್ರ ಕಾಣುತ್ತಿದ್ದವು. ಉಳಿದ ಎಪ್ಪತ್ತೆರಡು ಕತ್ತಲಲ್ಲಿದ್ದವು. ಬೀಗರ ಮನೆಯಲ್ಲಿ ಮೊದಲ ಸಿಹಿ ಬಾಯಿಗಿಡುವವರು ಹುಡುಗಿಯ ಅಜ್ಜಿ. ಅವರಿಗೆ ಉಳಿದಿದ್ದ ಹಲ್ಲು ಐದು.

"ಎಲ್ಲ ನಿನ್ನಿಂದ. ನೀನು ಆ ಉಗುರ ಮೇಲೆ ರೈಲು ಓಡಿಸದೆ ಇದ್ದಿದ್ರೆ ನಾನು ಕೈ ಕೊಡವ್ತಿರಲಿಲ್ಲ."

"ಏನು ಗುಸುಗುಸು?" ಎಂದರು ಪಕ್ಕದಲ್ಲಿದ್ದ ಪಿಶಿಮಾ.

"ಏನಿಲ್ಲ ಪಿಶಿಮಾ. ಟ್ರಾಫಿಕ್ಕು."

ಚುಂಚುಡಾದ ಮನೆಯಲ್ಲಿ ಶಂಖ ಊದಿ ಬರಮಾಡಿಕೊಂಡರು. ಕಾಕಲಿ ಬೋಳು ಬೆರಳನ್ನು ತಟ್ಟೆಯ ಅಡಿಗೆ ಮಡಚಿ, ಮೀನನ್ನು ಹೊತ್ತು ಹೊಸಲು ದಾಟಿದಳು. ಮೀನು ಸೆರಗಿನ ಮರೆಯಲ್ಲಿ ಗಂಭೀರವಾಗಿ ಮಲಗಿತ್ತು. ತಟ್ಟೆ ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಯಾರೋ ಸಿಹಿಯ ಕಾಗದ ಬಿಚ್ಚಿದ್ದರು. ಅಜ್ಜಿಯ ಕೈಯಲ್ಲಿ ಆಗಲೇ ಒಂದು ಸಂದೇಶ್ ಇತ್ತು, ಅದು ಬಾಯಿಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಕಾಕಲಿ ಹಾರಿದಳು. ಹೇಗೆ ಹಾರಿದಳೆಂಬುದರ ಚಿತ್ರ ಫೋಟೋದವರಲ್ಲಿ ಒಬ್ಬನ ಹತ್ತಿರ ಈಗಲೂ ಇದೆ. ಎಂಬತ್ತೊಂದು ವರ್ಷದ ಮುದುಕಿಯ ಕೈಯಿಂದ ಸಿಹಿ ಕಿತ್ತುಕೊಂಡು ನಿಂತಳು. ಶಂಖ ಊದುತ್ತಿದ್ದವಳ ಉಸಿರು ಅರ್ಧಕ್ಕೆ ನಿಂತಿತು. ನಲವತ್ತು ಜನ ಅವಳನ್ನೇ ನೋಡಿದರು.

"ಮೊದಲು ಮೀನು ನೋಡ್ಬೇಕು ಠಾಕುಮಾ," ಎಂದಳು, ಬಾಯಿಗೆ ಬಂದದ್ದನ್ನು. "ನಮ್ಮ ಕಡೆ ಹಾಗೆ. ಮೀನು ನೋಡದೆ ಸಿಹಿ ಮುಟ್ಟಬಾರದು."

"ಯಾವತ್ತಿಂದ?" ಎಂದರು ಪಿಶಿಮಾ ಹಲ್ಲು ಬಿಗಿಹಿಡಿದು.

ಅಜ್ಜಿ ಖಾಲಿ ಕೈಯನ್ನೊಮ್ಮೆ, ಕಾಕಲಿಯನ್ನೊಮ್ಮೆ ನೋಡಿ, ಬಾಗಿ ಮೀನಿನ ಸೆರಗು ಎತ್ತಿದರು. ಮಡಿಕೆಯೊಳಗಿಂದ ಎದೆಯ ರೆಕ್ಕೆ ಮೆಲ್ಲಗೆ ಹೊರಬಂತು, ನಾಚುತ್ತ ಕೈ ನೀಡುವ ಮದುಮಗಳಂತೆ. ರೆಕ್ಕೆಯ ತುದಿಯಲ್ಲಿ ಕೆಂಪು ಉಗುರು. ಉಗುರಿನ ಮೇಲೆ ಬಿಳಿ ಬಳ್ಳಿ. ಎಲೆಗೊಂದು ಮಿನುಗು.

ಕಾಕಲಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಆ ಜಾತಿಯ ಅಂಟು ಗಾಳಿಗೆ ಒಣಗುವುದಲ್ಲ, ತೇವ ತಗುಲಿದರೆ ಗಟ್ಟಿಯಾಗುವುದು. ಬಿ.ಎಸ್ಸಿ ಎರಡನೇ ವರ್ಷದಲ್ಲಿ ಓದಿದ್ದಳು. ಅವಳ ಒಣ ಬೆರಳಿಗಿಂತ ಒದ್ದೆ ಮೀನೇ ಅದಕ್ಕೆ ಇಷ್ಟವಾಗಿತ್ತು.

"ಅಯ್ಯೋ ತಾಯಿ," ಎಂದರು ಅಜ್ಜಿ. "ಮೀನಿಗೂ ಉಗುರ ಚಿತ್ತಾರ. ಬಳ್ಳಿ ನೋಡಿ, ಎಲೆ ನೋಡಿ. ಅರವತ್ತು ವರ್ಷದಿಂದ ಮದುವೆ ಮೀನು ನೋಡ್ತಿದೀನಿ, ಇಂಥದ್ದು ಕಂಡಿರಲಿಲ್ಲ. ಯಾರು ಮಾಡಿದ್ದು?"

ಕಾಕಲಿಯ ಎರಡೂ ಕೈ ಸೆರಗಿನೊಳಗಿದ್ದವು. ಪಿಶಿಮಾ ಮೀನನ್ನು ನೋಡಿದರು. ಕಾಕಲಿಯ ಸೆರಗನ್ನು ನೋಡಿದರು. ಲೆಕ್ಕ ಹಾಕಲು ಅವರಿಗೆ ಕೆಮಿಸ್ಟ್ರಿ ಬೇಕಾಗಲಿಲ್ಲ. ಕಾಕಲಿ ಕಣ್ಣು ಮುಚ್ಚಿ ಇದ್ದಿಲಿನ ಮಾತಿಗೆ ಕಾದಳು.

"ಮತ್ಯಾರು," ಎಂದರು ಪಿಶಿಮಾ, ಗಂಟಲು ಏರಿಸಿ. "ನಮ್ಮ ಬೌಮಾ. ನಿನ್ನೆ ಮಧ್ಯಾಹ್ನವೆಲ್ಲ ಕೂತು ಬರೆದಿದ್ದಾಳೆ, ತನ್ನದೇ ಮೂರು ಕೂದಲು ಕಿತ್ತು ಕುಂಚ ಮಾಡ್ಕೊಂಡು. ಇವಳಿಗೆ ಕೈ ಒಂದಿದ್ರೆ ಸಾಕು, ಉಳಿದದ್ದೆಲ್ಲ ಆಗುತ್ತೆ."

"ಒಂದೇ ಉಗುರು ಯಾಕೆ?" ಎಂದಳು ಹೆಣ್ಣಿನ ಕಡೆಯ ಒಬ್ಬ ಚೂಟಿ ಹೆಂಗಸು. "ಉಳಿದ ಒಂಬತ್ತು?"

"ಮೀನಿಗೆ ಹತ್ತು ಬೆರಳು ಎಲ್ಲಿಂದ ತರೋಣಮ್ಮ? ನೀವು ನೋಡಿಟ್ಟಿದ್ರೆ ಹೇಳಿ, ಬೌಭಾತಿನ ಔತಣದ ಹೊತ್ತಿಗೆ ಮಾಡಿಸ್ತೀವಿ."

ಮನೆಯೆಲ್ಲ ನಕ್ಕಿತು. ಫೋಟೋದವರು ಮೀನಿನ ರೆಕ್ಕೆಯನ್ನು ಎಂಟು ಕೋನಗಳಿಂದ ತೆಗೆದರು. ಬೌದಿಯೂ ಮೀನಿನ ಜೊತೆ ನಿಲ್ಲಬೇಕೆಂದು ಅಜ್ಜಿ ಹಟ ಹಿಡಿದಾಗ, ಪಿಶಿಮಾ ಪಕ್ಕಕ್ಕೆ ಬಂದು ಕಾಕಲಿಯ ಬಲಗೈಯನ್ನು ಸೆರಗಿನೊಳಗಿಂದ ಎಳೆದು, ತಮ್ಮ ಮುಷ್ಟಿಯೊಳಗೆ ಭದ್ರಮಾಡಿದರು.

"ನಗು," ಎಂದರು ತುಟಿ ಅಲುಗಿಸದೆ. "ಬೋಳು ಬೆರಳು ನಾನು ಹಿಡ್ಕೊಂಡಿದೀನಿ."

"ಅವತ್ತು ಇದ್ದಿಲು ಅಂದಿದ್ರಿ."

"ಅಂದಿದ್ದೆ. ನಾನು ಅನ್ನಬಹುದು, ಬೇರೆಯವರು ಅನ್ನೋ ಹಾಗಿಲ್ಲ. ಕ್ಯಾಮೆರಾ ಕಡೆ ನೋಡು."

ಕಾಕಲಿಗೆ ಒಂದು ತಿಂಗಳಿಂದ ಕಾಪಾಡಿಕೊಂಡು ಬಂದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸದ್ಯಕ್ಕೆ ಗಂಡನ ಮೇಲಿಟ್ಟಳು.

ಮದುವೆ ಮುಗಿದ ಮೇಲೆ ಒಂಬತ್ತು ಉಗುರು ಬಿಡಿಸಲು ಕೂತಳು. ಅಸಿಟೋನಿನಲ್ಲಿ ಬೆರಳದ್ದಿ ಇಪ್ಪತ್ತು ನಿಮಿಷ ಕಾದಳು. ಅಂಟು ಬಿಡಲಿಲ್ಲ, ಪ್ಲಾಸ್ಟಿಕ್ ಕರಗಿತು. ಬೆರಳುಗಳು ಗುಲಾಬಿ ಬಣ್ಣದ ಗೋಂದಿನಲ್ಲಿ ಒಂದಕ್ಕೊಂದು ಹತ್ತಿಕೊಂಡವು. ಅಂಗಿಯ ಗುಂಡಿ ಹಾಕಿಸಿಕೊಳ್ಳಲೂ ಗಂಡ ಬೇಕಾಯಿತು, ಮತ್ತು ಅವನೊಡನೆ ಮಾತು ಬಿಟ್ಟಾಗಿತ್ತು. ಅಂದಿಗೆ ಅಂಟಿಸಿಕೊಂಡು ಸರಿಯಾಗಿ ನಾಲ್ಕನೆಯ ದಿನ.

ಹದಿನಾಲ್ಕು ಮೆಟ್ಟಿಲು ಹತ್ತಿದಳು. ರುಂಪಾ ಬಾಗಿಲಲ್ಲೇ ಇದ್ದಳು. ಕಾಕಲಿ ಕೈ ಮುಂದೆ ಚಾಚಿ, ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ರುಂಪಾ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, ಎಣ್ಣೆ ಬೆಚ್ಚಗೆ ಮಾಡಿ, ಒಂದೊಂದೇ ಬೆರಳು ಬಿಡಿಸತೊಡಗಿದಳು. ಮೂರನೇ ಬೆರಳಿಗೆ ಬಂದಾಗ ತನ್ನ ಫೋನನ್ನು ಕಾಕಲಿಯ ಮುಂದಿಟ್ಟಳು. ಅದರಲ್ಲಿ ಮೀನಿನ ರೆಕ್ಕೆ.

"ಊರೆಲ್ಲ ತಿರುಗ್ತಿದೆ ದೀದಿ. ನಿನ್ನೆಯಿಂದ ಮೂರು ಮದುವೆ ಮನೆಯವರು ಬಂದಿದ್ರು. ಮದುಮಗಳಿಗಲ್ಲ, ಮೀನಿಗೆ ಬೇಕಂತೆ. ನಾನೂ ಮಾಡಿ ನೋಡ್ದೆ. ನಿಲ್ಲೋದೇ ಇಲ್ಲ, ಜಾರಿ ಹೋಗುತ್ತೆ. ಹನ್ನೊಂದು ವರ್ಷದಿಂದ ಉಗುರು ಅಂಟಿಸ್ತಿದೀನಿ, ಒದ್ದೆ ಮೀನಿಗೆ ಅಂಟಿಸೋ ವಿದ್ಯೆ ಗೊತ್ತಾಗಲಿಲ್ಲ." ಅವಳು ತಲೆ ತಗ್ಗಿಸಿ ನಾಲ್ಕನೇ ಬೆರಳು ಹಿಡಿದಳು. "ನೀವು ಓದಿದೋರು. ಹೇಗೆ ಅಂಟಿಸಿದ್ರಿ ಅಂತ ಹೇಳಿಕೊಡಿ, ಬಿಡಿಸಿದ್ದಕ್ಕೆ ಒಂದು ಪೈಸೆ ಬೇಡ."

ಕಾಕಲಿ ಬಾಯಿ ತೆರೆದಳು. ಅಂಟು, ತೇವ, ಒತ್ತಡ, ಸಮಯ, ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ಕನ್ನಡಿಯಲ್ಲಿ ತನ್ನ ಮುಖ ಕಾಣಿಸಿತು, ಅದರ ಕೆಳಗೆ ಎಣ್ಣೆಯಲ್ಲಿ ಮಿನುಗುವ ಕಂದುಗಪ್ಪು ಬೆರಳುಗಳು.

"ನಾನೆಲ್ಲಿ ಅಂಟಿಸ್ದೆ ರುಂಪಾ," ಎಂದಳು. "ಆ ಮೀನೇ ನನ್ನಿಂದ ಕಿತ್ಕೊಂಡಿತು."