ರಘೋತ್ತಮನ ಒಂಬತ್ತನೇ ಪ್ರಶ್ನೆ

ರಘೋತ್ತಮ ಮಾಡಿದ ತಪ್ಪು ಒಂದೇ. ಬುಧವಾರ ಸಂಜೆ ಅಮೆರಿಕದ ಫ್ರೀಮಾಂಟಿನಲ್ಲಿ, ವೇದವತಿಯವರ ಮನೆಯಲ್ಲಿ ಬಲಗೈಯಿಂದ ಹುಳಿಯನ್ನ ಕಲಸುತ್ತಾ, ಎಡಗೈಯಿಂದ ಚೀಲದೊಳಗಿದ್ದ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು ಆಕೆಗೆ ಕೊಟ್ಟುಬಿಟ್ಟ. ಎಡಗೈಯಲ್ಲಿ ಕೊಟ್ಟದ್ದು ಯಾರಿಗೆ ತಾನೇ ಒಳ್ಳೆಯದು ಮಾಡಿದೆ?

ಪತ್ರಿಕೆ ಯಾರ ಕೈಗೂ ಸಿಗಕೂಡದೆಂದು ಅವನು ಕೆಲಸ ಮಾಡುವ ಕಂಪನಿಯ ಕಟ್ಟಪ್ಪಣೆ ಇತ್ತು. ಆದರೆ ನಮ್ಮನೆ ಪೂಜೆಗೆ ಬರುವ ಮಕ್ಕಳಿಗೆ ಏನು ಕೊಡುತ್ತೀಯೆಂದು ನೋಡದೆ ಹೇಗೆ ಒಪ್ಪಲಿ ಎಂದು ವೇದವತಿ ಕೇಳಿದ ಹೊತ್ತಿಗೆ ತಟ್ಟೆಗೆ ಇನ್ನೂ ಮೊಸರನ್ನ ಬೀಳುವುದಿತ್ತು. ವಾರದಲ್ಲಿ ಐದು ದಿನ ಬ್ರೆಡ್ಡಿಗೆ ಪೀನಟ್ ಬಟರ್ ಸವರಿಕೊಂಡು ಬದುಕುವ ಬ್ರಹ್ಮಚಾರಿಗೆ ಅಪ್ಪಣೆ ದೊಡ್ಡದೋ ಮೊಸರನ್ನ ದೊಡ್ಡದೋ, ನೀವೇ ಹೇಳಿ.

ಮೈಸೂರಿನ ರಘೋತ್ತಮ ಇಲ್ಲಿಗೆ ಬಂದದ್ದು ಶೈಕ್ಷಣಿಕ ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು. ಎಂಬತ್ತೈದರ ಬೇಸಿಗೆಯಿಂದ ಸರಟೋಗಾದ ಹತ್ತಿರ, ಮಕ್ಕಳ ಬುದ್ಧಿಪರೀಕ್ಷೆಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಇಂಟರ್ನ್ ಆಗಿದ್ದ. ಪ್ರಶ್ನೆ ಬರೆಯುವುದು, ಅದನ್ನು ಒಂದಷ್ಟು ಮಕ್ಕಳಿಗೆ ಕೊಟ್ಟು ನೋಡುವುದು, ಇಷ್ಟೇ ಕೆಲಸ. ಎಲ್ಲ ಮಕ್ಕಳೂ ಸರಿ ಮಾಡಿದ ಪ್ರಶ್ನೆ ಕಸದ ಬುಟ್ಟಿಗೆ. ಎಲ್ಲರೂ ತಪ್ಪು ಮಾಡಿದ್ದೂ ಅಲ್ಲಿಗೇ. ಕೆಲವರಿಗೆ ಬಂದು ಕೆಲವರಿಗೆ ಬಾರದ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ಸೋಮವಾರದೊಳಗೆ ನಿಮ್ಮ ಜನರ ಇಪ್ಪತ್ತು ಮಕ್ಕಳ ಉತ್ತರಗಳನ್ನು ತಂದರೆ ಇನ್ನೊಂದು ವರ್ಷಕ್ಕೆ ಮುಂದುವರಿಸುವ ಪತ್ರಕ್ಕೆ ಸಹಿ ಹಾಕುತ್ತೇನೆ ಎಂದು ಅವನ ಮೇಲಧಿಕಾರಿ ಡಾಕ್ಟರ್ ಹೋಲ್ಟ್ ಹೇಳಿದ್ದರು. ಆ ಸಹಿ ಬಿದ್ದರೆ ಪ್ರಬಂಧಕ್ಕೆ ವಿಷಯ, ವೀಸಾಕ್ಕೆ ಆಧಾರ. ಬೀಳದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ಊರಿಗೆ ವಾಪಸು ವಿಮಾನ ಹತ್ತಬೇಕು.

ಇಪ್ಪತ್ತು ಪ್ರಶ್ನೆಗಳಲ್ಲಿ ಒಂಬತ್ತನೆಯದು ಅವನ ಸ್ವಂತ ಕೂಸು. ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಬಾಳೆಹಣ್ಣು, ಈ ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ಬಾಳೆಹಣ್ಣು, ಉಳಿದವೆಲ್ಲ ತರಕಾರಿ. ಇದನ್ನು ಬರೆಯಲು ಮೂರು ವಾರ ಹಿಡಿದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು.

ಶನಿವಾರ ವೇದವತಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬರುವ ಮಕ್ಕಳು ಇಪ್ಪತ್ತೊಂದು. ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಕ್ಕೀತು? ರಘೋತ್ತಮ ಬಿಳಿ ಪಂಚೆ ಉಟ್ಟು, ಹಳೆಯ ಡಾಟ್ಸನ್ ಕಾರಿನಲ್ಲಿ ಒಂಬತ್ತಕ್ಕೇ ಬಂದ. ಗರಾಜಿನಲ್ಲಿ ಮಕ್ಕಳನ್ನು ಕೂರಿಸಲು ಜಾಗ ಮಾಡುವಾಗ ಒಂದು ಮೂಟೆ ಎಡವಿದ. ನೋಡಿದರೆ ಈರುಳ್ಳಿ. ಅಡುಗೆಮನೆಯಲ್ಲಿರಬೇಕಾದ್ದು ಇಲ್ಲೇಕೆ ಬಂತು ಎಂದು ಯೋಚಿಸುವ ಬದಲು, ಕೂರಲು ಚೆನ್ನಾಗಿದೆಯೆಂದು ಅದರ ಮೇಲೇ ಕುಳಿತ. ಮುಂದಾಗುವ ಅನಾಹುತವೆಲ್ಲ ಅವನ ಕೆಳಗೇ ಇತ್ತು.

ಹತ್ತಕ್ಕೆ ಮಕ್ಕಳು ಬಂದವು. ಒಂದೊಂದರ ಕೈಯಲ್ಲಿ ಮೊನೆ ಮಾಡಿದ ಮೂರು ಮೂರು ಪೆನ್ಸಿಲು, ಹಣೆಯಲ್ಲಿ ದೇವರ ಮುಂದಿನ ಕುಂಕುಮ. ಹಿಂದೆಯೇ ತಾಯಂದಿರು. ಬೆರ್ರಿಯೆಸಾದಿಂದ ಬಂದ ಊರ್ಮಿಳಾ ಕೊನೇ ಗಳಿಗೆಯಲ್ಲಿ ಪೋರ್ಷನ್ನಿಗೆ ಏನಾದರೂ ಸೇರಿಸಿದ್ದೀರಾ ಎಂದು ವಿಚಾರಿಸಿದಳು. ಮಂಗಳೂರಿನ ಇಂಜಿನಿಯರ್ ಜಯರಾಜ್ ರಘೋತ್ತಮನನ್ನು ಬದಿಗೆ ಎಳೆದರು.

"ಒಂದು ಸತ್ಯ ಹೇಳಿ ಮಾರಾಯ್ರೆ, ತಪ್ಪಾದರೆ ಮಾರ್ಕು ಕಳೆಯುವ ಕ್ರಮ ಉಂಟಾ?"

ರಘೋತ್ತಮ ಕೈ ಮುಗಿದು ವಿವರಿಸಿದ. ಇದರಲ್ಲಿ ಮಾರ್ಕಿಲ್ಲ, ರ‍್ಯಾಂಕಿಲ್ಲ, ಪರೀಕ್ಷೆ ನಡೆಯುತ್ತಿರುವುದು ಮಕ್ಕಳಿಗಲ್ಲ, ಪ್ರಶ್ನೆಗಳಿಗೆ. ಎಲ್ಲರೂ ತಲೆಯಾಡಿಸಿದರು, ಒಬ್ಬರೂ ನಂಬಲಿಲ್ಲ. ಮಾರ್ಕಿಲ್ಲದ ಪರೀಕ್ಷೆ ಅಂದರೆ ಒಳಗೊಳಗೇ ಏನೋ ದೊಡ್ಡದೇ ಇರಬೇಕೆಂದು ಜಯರಾಜ್ ಮಗನ ಕಿವಿಯಲ್ಲಿ ಇನ್ನೊಂದು ಸಲ ಏನೋ ಹೇಳಿ ಹೊರಗೆ ಹೋದರು.

ನಲವತ್ತು ನಿಮಿಷದ ಪರೀಕ್ಷೆಯನ್ನು ಮಕ್ಕಳು ಹನ್ನೊಂದು ನಿಮಿಷದಲ್ಲಿ ಮುಗಿಸಿದವು. ರಘೋತ್ತಮ ಹಾಳೆಗಳನ್ನೆಲ್ಲ ಒಟ್ಟುಮಾಡಿಕೊಂಡ. ಮೂಟೆಯ ಮೇಲೆ ಕುಳಿತು ಉತ್ತರಗಳನ್ನು ತಿರುವಿದ. ಇಪ್ಪತ್ತೊಂದು ಮಕ್ಕಳಿಗೂ ಇಪ್ಪತ್ತಕ್ಕೆ ಹತ್ತೊಂಬತ್ತು. ಎಲ್ಲರದ್ದೂ ತಪ್ಪಾಗಿದ್ದು ಒಂದೇ ಪ್ರಶ್ನೆ, ಅವನ ಮುದ್ದಿನ ಒಂಬತ್ತನೆಯದು. ಬಾಳೆಹಣ್ಣನ್ನು ಒಬ್ಬರೂ ಮುಟ್ಟಿರಲಿಲ್ಲ. ಇಪ್ಪತ್ತೊಂದು ಮಕ್ಕಳೂ ಈರುಳ್ಳಿಗೆ ಗುರುತು ಹಾಕಿದ್ದವು.

ಅಡುಗೆಮನೆಗೆ ಓಡಿದ. ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಡಿ ಅವನ ಪ್ರಶ್ನೆಪತ್ರಿಕೆಯ ಜೆರಾಕ್ಸ್ ನೇತಾಡುತ್ತಿತ್ತು. ವೇದವತಿಯವರ ಗಂಡ ಶೇಷಾದ್ರಿ, ಆಫೀಸಿನ ಮೆಷೀನಿನಲ್ಲಿ ತಾನೇ ಇಪ್ಪತ್ತೈದು ಕಾಪಿ ತೆಗೆದದ್ದಾಗಿ ಪಾಪದ ಮುಖದಿಂದ ಒಪ್ಪಿಕೊಂಡರು. ವೇದವತಿ ಮೈಸೂರಿನಲ್ಲಿ ಹನ್ನೆರಡು ವರ್ಷ ಮಿಡ್ಲ್ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಅಮೆರಿಕಕ್ಕೆ ಬಂದ ಮೇಲೆ ಹೆಡ್ಡು ಉಳಿದಿತ್ತು, ಸ್ಕೂಲಿರಲಿಲ್ಲ. ಗುರುವಾರ, ಶುಕ್ರವಾರ ಎರಡೂ ಸಂಜೆ ಮಕ್ಕಳಿಗೆ ಕೋಚಿಂಗು ನಡೆದಿತ್ತು.

"ನಿನ್ನ ಮರ್ಯಾದೆ ಉಳಿಸಿದೀನಿ ಕಣೋ," ಎಂದರು ಆಕೆ, ಕೇಸರಿಭಾತು ಕೆದಕುತ್ತಾ. "ನಮ್ಮ ಮಕ್ಕಳು ದಡ್ಡರು ಅಂತ ನಿಮ್ಮ ಕಂಪನೀಲಿ ಯಾರೂ ಹೇಳೋ ಹಾಗಿಲ್ಲ."

ಅಷ್ಟರಲ್ಲಿ ಫೋನು ಬಂತು. ಡಾಕ್ಟರ್ ಹೋಲ್ಟ್. ಈ ಕಡೆಯೇ ಬರುವುದಿದೆ, ಇನ್ನೊಂದು ಗಂಟೆಯಲ್ಲಿ ಬಂದು ಉತ್ತರಗಳನ್ನು ತಾವೇ ತೆಗೆದುಕೊಂಡು ಹೋಗುವುದಾಗಿ ಹೇಳಿದರು.

ರಘೋತ್ತಮನ ಕಾಲ ಕೆಳಗಿನ ಕಾರ್ಪೆಟ್ಟೇ ಜಾರಿದಂತಾಯಿತು. ಇಪ್ಪತ್ತೊಂದು ಉತ್ತರಪತ್ರಿಕೆಗಳೂ ಒಂದೇ ಅಚ್ಚಿನ ಇಡ್ಲಿಗಳಂತಿದ್ದರೆ ಪತ್ರಿಕೆ ಹೊರಬಿದ್ದದ್ದು ಹೋಲ್ಟಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹೊರಬಿಟ್ಟವನು ಯಾರೆನ್ನಲು ಎರಡನೇ ನೋಟ ಬೇಕಿಲ್ಲ. ಅವನು ಉತ್ತರಗಳನ್ನೂ ಒಂದು ಗುಲಾಬಿ ಬಣ್ಣದ ರಬ್ಬರನ್ನೂ ಹಿಡಿದುಕೊಂಡು ಬಚ್ಚಲುಮನೆಗೆ ಹೊಕ್ಕು ಚಿಲಕ ಹಾಕಿಕೊಂಡ.

ಮಕ್ಕಳ ತಪ್ಪನ್ನು ಅಳಿಸಿ ಸರಿ ಮಾಡಿದ ಮೇಷ್ಟರ ಸುದ್ದಿ ನೀವು ಕೇಳಿರಬಹುದು. ಸರಿಯನ್ನು ಅಳಿಸಿ ತಪ್ಪು ಮಾಡಲು ಪಟ್ಟಾಗಿ ಕುಳಿತವನು ಪ್ರಪಂಚದಲ್ಲಿ ಇವನೊಬ್ಬನೇ ಇರಬೇಕು. ಜಯರಾಜರ ಮಗನಿಗೆ ಐದು ತಪ್ಪು ದಾನ ಮಾಡಿದ. ಊರ್ಮಿಳೆಯ ಮಗಳಿಗೆ ಏಳು. ಕೊನೆಗೆ ಒಂಬತ್ತನೆಯದಕ್ಕೆ ಬಂದ. ಸ್ವಂತ ಕೂಸನ್ನು ಬಾವಿಗೆ ತಳ್ಳಲು ಯಾರಿಗೆ ಮನಸ್ಸು ಬಂದೀತು? ಹದಿನಾಲ್ಕು ಈರುಳ್ಳಿಗಳನ್ನು ಅಳಿಸಿ ಹದಿನಾಲ್ಕು ಬಾಳೆಹಣ್ಣು ಮಾಡಿದ. ಈಗ ಅದು ಲಕ್ಷಣವಾದ ಪ್ರಶ್ನೆಯಾಯಿತು.

ಹೊರಗೆ ಬಾಗಿಲು ಬಡಿಯುವುದು ಶುರುವಾಗಿತ್ತು. ಮುಕ್ಕಾಲು ಗಂಟೆ ಬಚ್ಚಲಿನಲ್ಲಿ ಕುಳಿತವನಿಗೆ ಏನಾಗಿದೆಯೆಂದು ಊಹಿಸಲು ಪಿಎಚ್.ಡಿ. ಬೇಕೆ? ಊರ್ಮಿಳಾ ಓಮದ ನೀರು ಕಾಸಿದಳು. ಜಯರಾಜ್ ಬಾಗಿಲ ಸಂದಿಗೆ ಬಾಯಿಟ್ಟು, ನಾಚಿಕೆ ಮಾಡಬೇಡಿ, ಎಲ್ಲರಿಗೂ ಆಗುವುದೇ ಎಂದು ಧೈರ್ಯ ಹೇಳಿದರು. ಮಂಗಳಾರತಿ ಮುಗಿದು ಅವನು ಹೊರಬಂದಾಗ ಮನೆಯವರೆಲ್ಲ ಸಾಲಾಗಿ ನಿಂತು ಕನಿಕರದಿಂದ ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ಹಣೆಗೆ ಕುಂಕುಮ ಇಡಿಸಿಕೊಂಡ ಡಾಕ್ಟರ್ ಹೋಲ್ಟ್ ಕೂಡ ಇದ್ದರು.

ಇವನಿಗೆ ಇವತ್ತು ಊಟ ಬೇಡ, ಗಂಜಿ ಸಾಕು ಎಂದು ವೇದವತಿ ತೀರ್ಪು ಕೊಟ್ಟರು. ಎಲ್ಲರೂ ಪುಳಿಯೋಗರೆಗೆ ಕುಳಿತರು. ರಘೋತ್ತಮ ಉಪ್ಪು ಹಾಕಿದ ಗಂಜಿ ಕುಡಿಯುತ್ತಾ, ಹೋಲ್ಟ್ ಉತ್ತರಗಳ ಕಟ್ಟನ್ನು ಕೈಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿ ಉಸಿರು ಬಿಟ್ಟ. ಸಹಿ ಬಿದ್ದ ಹಾಗೇ ಅಂದುಕೊಂಡ.

ಆಗ ಹೋಲ್ಟ್, ಕೈಯಲ್ಲಿ ಕೇಸರಿಭಾತು ತಿನ್ನುವ ಪ್ರಯತ್ನ ಮಾಡುತ್ತಾ, ಪ್ರಶ್ನೆಗಳು ಹೇಗಿದ್ದವೆಂದು ವೇದವತಿಯವರನ್ನು ಕೇಳಿಬಿಟ್ಟರು. ಆಕೆ ಕಾಯುತ್ತಿದ್ದದ್ದೇ ಅದಕ್ಕೆ. ಒಳಗಿನಿಂದ ಕೆಂಪು ರಟ್ಟಿನ ನೋಟ್‌ಬುಕ್ ತಂದರು. ಹೆಡ್‌ಮಿಸ್ಟ್ರೆಸ್ಸಿನ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಹೇಳಿದರು: ಯಾವ ಮಗು ಎಲ್ಲಿ ನಿಂತಿದೆ ಅಂತ ತಿಳಿಯದೆ ತಾನು ಪಾಠ ಶುರುಮಾಡುವವಳಲ್ಲ. ಆದ್ದರಿಂದ ಗುರುವಾರ ಮೊದಲು ಏನೂ ಹೇಳಿಕೊಡದೆ, ಗಡಿಯಾರ ಇಟ್ಟು ನಲವತ್ತು ನಿಮಿಷ ಪರೀಕ್ಷೆ ಮಾಡಿದ್ದಾಯಿತು. ಯಾವ ಮಗು ಯಾವ ಪ್ರಶ್ನೆಗೆ ಏನು ಬರೆಯಿತೆಂದು ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತುಂಬಿದ್ದಾಯಿತು. ಕೋಚಿಂಗು ಮಾಡಿದ್ದು ಅದಾದ ಮೇಲೆ.

ಕಂಪನಿಗೆ ಬೇಕಾಗಿದ್ದು ಅಣುವಷ್ಟೂ ಹೆಚ್ಚುಕಮ್ಮಿಯಿಲ್ಲದೆ ಅದೇ. ಗುರುವಾರದಿಂದ ಈ ಮನೆಯ ಕಪಾಟಿನಲ್ಲೇ ಇದ್ದುದನ್ನು ರಘೋತ್ತಮ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹೋಲ್ಟ್ ಪುಟ ತಿರುವುತ್ತಾ ಒಂಬತ್ತರಲ್ಲಿ ನಿಂತರು. ಇಪ್ಪತ್ತೊಂದರಲ್ಲಿ ಹದಿನೇಳು ಮಕ್ಕಳು, ಯಾರೂ ಹೇಳಿಕೊಡದೆ, ಈರುಳ್ಳಿ ಎಂದಿದ್ದವು. ಯಾಕೆ? ಊರ್ಮಿಳೆಯ ಏಳು ವರ್ಷದ ಮಗಳು, ಇಂದು ಎಂಬ ಹೆಸರಿನವಳು, ಎದುರಿಗೇ ಇದ್ದಳು.

"ಪೂಜಾ ಡೇ, ಆಲ್ ದಿ ಅದರ್ಸ್ ಸ್ಟೇ ಇನ್ ದ ಕಿಚನ್," ಎಂದಳು. "ಆನಿಯನ್ ಗೋಸ್ ಟು ದ ಗರಾಜ್."

ಹೋಲ್ಟರ ಕಣ್ಣು ಮಿನುಗಿತು. ಒಂದು ಮನೆಗೆ ಸರಿಯಾದ ಪ್ರಶ್ನೆ ಇನ್ನೊಂದು ಮನೆಗೆ ಹೇಗೆ ತಪ್ಪಾಗುತ್ತದೆಂಬುದಕ್ಕೆ ಇಂಥದೊಂದು ಸಾಕ್ಷಿಯನ್ನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ ಎಂದರು. ಖುಷಿಯಲ್ಲಿ ಕೈಚೀಲದಿಂದ ಇವತ್ತಿನ ಉತ್ತರಗಳನ್ನು ತೆಗೆದರು. ಹದಿನಾಲ್ಕು ಬಾಳೆಹಣ್ಣು.

"ಸಾಧ್ಯವೇ ಇಲ್ಲ," ಎಂದು ವೇದವತಿ ಎದ್ದು ನಿಂತರು. "ನನ್ನ ಮಕ್ಕಳು ಬಾಳೆಹಣ್ಣು ಅಂತ ಬರೆಯೋದಾ?"

ಪುಟ್ಟ ಇಂದು ತನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಯಾರೋ ಅಳಿಸಿದ್ದಾರೆಂದು ಇಂಗ್ಲಿಷಿನಲ್ಲೇ ಹೇಳಿದಳು. ಎಲ್ಲರ ಕಣ್ಣೂ ಮೆಲ್ಲಗೆ ರಘೋತ್ತಮನ ಕಡೆ ತಿರುಗಿದವು. ಬಿಳಿ ಪಂಚೆಯ ಮಡಿಲಿನಲ್ಲಿ ಗುಲಾಬಿ ಬಣ್ಣದ ರಬ್ಬರಿನ ಪುಡಿ, ಅಕ್ಷತೆ ಚೆಲ್ಲಿದಂತೆ ಬಿದ್ದಿತ್ತು. ಗಂಜಿಯ ಲೋಟದೊಳಗೆ ಮುಖ ಅಡಗಿಸಿಕೊಳ್ಳುವಷ್ಟು ಜಾಗವಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ಮಾತಿದೆ. ಇವನಿಗೆ ಉಣ್ಣಲೂ ಕೊಟ್ಟಿರಲಿಲ್ಲ.

ಮುಂದಿನದು ಬೇಗ ಮುಗಿಯಿತು. ಹೋಲ್ಟ್ ಪತ್ರ ತೆಗೆದರು, ರಘೋತ್ತಮನ ಹೆಸರನ್ನು ಹೊಡೆದುಹಾಕಿದರು, ಆ ಜಾಗದಲ್ಲಿ ವೇದವತಿಯವರ ಹೆಸರು ಬರೆದು ಸಹಿ ಹಾಕಿದರು. ಇನ್ನು ಒಂದು ವರ್ಷ ಕಂಪನಿಯ ಪ್ರಶ್ನೆಗಳನ್ನೆಲ್ಲ ಮೊದಲು ನೋಡಿ ಒಪ್ಪುವವರು ಆಕೆ. ರಘೋತ್ತಮ ಸೋಮವಾರದಿಂದ ಬರುವುದು ಬೇಡ ಎಂದೂ ಹೇಳಿದರು.

ವೇದವತಿಯವರ ಕರುಳು ಚುರುಕ್ಕೆಂದಿತು. ಎಷ್ಟಾದರೂ ನಮ್ಮ ಹುಡುಗ, ಹೊಟ್ಟೆ ಬೇರೆ ಕೆಟ್ಟಿದೆ. ಆಕೆ ಹೋಲ್ಟರ ಕೈ ಹಿಡಿದು ಐದು ನಿಮಿಷ ಮಾತಾಡಿದರು. ಕೊನೆಗೆ, ಉತ್ತರಪತ್ರಿಕೆಗಳ ಹತ್ತಿರ ಸುಳಿಯಕೂಡದೆಂಬ ಷರತ್ತಿನ ಮೇಲೆ, ಈ ಸೆಮಿಸ್ಟರ್ ಮುಗಿಯುವವರೆಗೆ ಪೆಟ್ಟಿಗೆ ಹೊರಲು ಅವನು ಇರಬಹುದೆಂದು ಒಪ್ಪಿಗೆ ಸಿಕ್ಕಿತು.

ಅತಿಥಿಗಳು ಹೊರಟ ಮೇಲೆ ವೇದವತಿ ಅವನ ಲೋಟಕ್ಕೆ ಇನ್ನಷ್ಟು ಗಂಜಿ ಬಗ್ಗಿಸಿದರು.

"ನಂಗೆ ಫ್ರೀವೇನಲ್ಲಿ ಕಾರ್ ಓಡ್ಸೋಕೆ ಭಯ ಕಣೋ ರಘು. ಸೋಮವಾರ ಏಳಕ್ಕೆಲ್ಲ ಕಾರ್ ತಗೊಂಡು ಬಂದ್ಬಿಡು, ದಿನಾ ನೀನೇ ಕರ್ಕೊಂಡು ಹೋಗ್ಬೇಕು." ಒಂದು ಕ್ಷಣ ಯೋಚಿಸಿ ಸೇರಿಸಿದರು. "ಬರ್ತಾ ನಂಗೆ ಮೂರು ಪೆನ್ಸಿಲ್ ಮೊನೆ ಮಾಡ್ಕೊಂಡು ಬಾ. ರಬ್ಬರ್ ಮಾತ್ರ ತರಬೇಡ."